ಮುರು ಎಂಬುದು ಒಂದೇ ಮೀನಲ್ಲ

ಮುಂಬಯಿ, ಪುಣೆಗಳಲ್ಲಿ ನಮ್ಮವರು ನಡೆಸುತ್ತಿರುವ ಮೀನೂಟದ ಹೋಟೆಲುಗಳ ಪಟ್ಟಿಯಲ್ಲಿ ಬಂಗುಡೆ, ಕಾಣೆ, ಅಂಜಲ, ಮಾಂಜಿಗಳ ಸಾಲಿಗೆ ‘ಗ್ರೂಪರ್’ ಎಂಬ ಹೆಸರೂ ಸೇರಿರುವುದನ್ನು ಓದುಗರು ಕಂಡಿರಬಹುದು. ಇದನ್ನೇ ನಮ್ಮ ಕರಾವಳಿಯಲ್ಲಿ ಮುರು ಎನ್ನುತ್ತಾರೆ. ಕೊಂಕಣಿ ಬಂಧುಗಳು ಗೋಬ್ರೊ ಎನ್ನುತ್ತಾರೆ; ಮರಾಠಿಗರು ಹೆಕರು ಎನ್ನುತ್ತಾರೆ; ಚೆನ್ನೈಯ ಪೇಟೆಯಲ್ಲಿ ಇದು ಕಳವಾ; ಕೊಲ್ಲಿ ದೇಶಗಳಲ್ಲಿ ದುಡಿದು ಮರಳಿದವರ ಬಾಯಲ್ಲಿ ಹಮೂರ್. ಇಷ್ಟು ಭಾಷೆಗಳಲ್ಲಿ ಇಷ್ಟು ಹೆಸರುಗಳಿರುವುದನ್ನು ಕಂಡು, ಮೀನು ಒಂದೇ, ಹೆಸರು ಹಲವು ಎಂದು ಯಾರಾದರೂ ತಿಳಿದರೆ ಆಶ್ಚರ್ಯವಿಲ್ಲ. ವಸ್ತುಸ್ಥಿತಿಯಾದರೋ ಇದಕ್ಕೆ ತೀರ ವಿರುದ್ಧವಾಗಿದೆ. ಪ್ರಪಂಚದ ಸಮುದ್ರಗಳಲ್ಲಿ ಗ್ರೂಪರ್ ವಂಶಕ್ಕೆ ಸೇರಿದ ಮೀನುಗಳು 160ಕ್ಕೂ ಮಿಕ್ಕಿ ಜಾತಿಗಳಿವೆ. ಒಂದು ಅಂಗೈಯಷ್ಟಿದ್ದರೆ ಇನ್ನೊಂದು ಆಳುದ್ದವನ್ನೂ ಮೀರಿದ್ದು. ಒಂದು ಕೆಸರು ತಳದ್ದಾದರೆ ಇನ್ನೊಂದು ಹವಳದ ಬಂಡೆಯನ್ನು ಬಿಟ್ಟು ಬದುಕಲಾರದ್ದು. ಇವೆಲ್ಲವನ್ನೂ ಒಂದೇ ಹೆಸರಿನ ಕೆಳಗೆ ತೂಗಿ, ಒಂದೇ ದರದಲ್ಲಿ ಬರೆದು, ಒಂದೇ ಮಸಾಲೆಯಲ್ಲಿ ಮುಳುಗಿಸುವ ಪದ್ಧತಿಯಿಂದ ಉಣ್ಣುವವನಿಗೂ ಹಾನಿ, ಮೀನಿಗೂ ಹಾನಿ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಇಂದು ತುಸು ವಿಸ್ತಾರವಾಗಿ ನಿವೇದಿಸಬಯಸುತ್ತೇವೆ.

ಹೋಟೆಲಿನ ದುಡಿಮೆಗಾರರೂ ಗುಮಾಸ್ತರೂ ಓದುವ ಪತ್ರಿಕೆಯಲ್ಲಿ ಮೀನಿನ ಜಾತಿಶೋಧನೆಗೇನು ಕೆಲಸವೆಂದು ಕೆಲವರು ಕೇಳಬಹುದು. ಕೆಲಸವುಂಟು. ಕಡಲಿನಿಂದ ಎಲೆಗೆ ಬರುವ ದಾರಿಯಲ್ಲಿ ಮೀನನ್ನು ಇಡಿಯಾಗಿ ಕಾಣುವ ಕೊನೆಯ ಮನುಷ್ಯನು ಯಾರು? ಗಿರಾಕಿಯಲ್ಲ, ಅವನಿಗೆ ಕಾಣುವುದು ತುಂಡು ಮಾತ್ರ. ಗಲ್ಲೆಯ ಮೇಲೆ ಕುಳಿತ ಧಣಿಯೂ ಅಲ್ಲ. ಅವನಿಗೆ ಕಾಣುವುದು ಬಿಲ್ಲು. ನಸುಕಿನಲ್ಲಿ ಬಂದರಿನ ಪೇಟೆಗೆ ಹೋಗಿ ಬುಟ್ಟಿಯಿಂದ ಮೀನನ್ನು ಆರಿಸಿ ತರುವವನು, ಅಡಿಗೆಮನೆಯ ಹಿಂಬದಿಯಲ್ಲಿ ಕುಳಿತು ಹುರುಪೆ ತೆಗೆದು ಕೊಯ್ಯುವವನು, ಇವರಿಬ್ಬರೇ ಅದನ್ನು ತಲೆಯಿಂದ ಬಾಲದವರೆಗೆ ಕಾಣುತ್ತಾರೆ. ಅವರ ಕತ್ತಿ ಒಮ್ಮೆ ಆಡಿತೆಂದರೆ ಮೀನಿನ ಗುರುತು ಅಳಿಯಿತು. ಆಮೇಲೆ ದೊಡ್ಡ ಪಂಡಿತನಿಗೂ ಕೇವಲ ಕಣ್ಣಿನಿಂದ ಅದನ್ನು ಗುರುತಿಸುವುದು ಕಷ್ಟ. ಆದುದರಿಂದ ಈ ವಿದ್ಯೆ ಇರತಕ್ಕದ್ದು ನಮ್ಮ ಹುಡುಗರ ಕೈಯಲ್ಲಿಯೇ.

ಉದಾಹರಣೆಗಾಗಿ ಒಂದೇ ಮೀನನ್ನು ಆರಿಸಿಕೊಳ್ಳೋಣ. ಶಾಸ್ತ್ರಜ್ಞರು ಇದಕ್ಕೆ ಪ್ಲೆಕ್ಟ್ರೊಪೋಮಸ್ ಏರಿಯೊಲೇಟಸ್ ಎಂದು ಹೆಸರಿಟ್ಟಿದ್ದಾರೆ. ಜರ್ಮನಿಯ ರ‍್ಯೂಪೆಲ್ ಎಂಬ ವಿದ್ವಾಂಸನು 1830ರಲ್ಲಿ ಕೆಂಪು ಸಮುದ್ರದ ಮೀನುಗಳನ್ನು ವರ್ಣಿಸುವಾಗ ಇದನ್ನು ಮೊದಲಾಗಿ ದಾಖಲಿಸಿದನು. ಬಾಲದ ಆಕಾರವನ್ನು ಹಿಡಿದು ನಾವು ಇದನ್ನು ‘ಚೌಕಬಾಲದ ಮುರು’ ಎಂದು ಕರೆಯೋಣ. ಕೆಂಪು ಸಮುದ್ರದಿಂದ ಹಿಡಿದು ನಮ್ಮ ಲಕ್ಷದ್ವೀಪವನ್ನು ಹಾದು ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳವರೆಗೂ ಇದರ ವಾಸವಿದೆ.

ಇದನ್ನು ಗುರುತಿಸುವುದು ಹೇಗೆ? ಮೊದಲನೆಯದಾಗಿ ಬಾಲವನ್ನು ನೋಡಬೇಕು. ಮುರುಗಳಲ್ಲಿ ಹೆಚ್ಚಿನವುಗಳ ಬಾಲವು ಬೀಸಣಿಗೆಯಂತೆ ದುಂಡಗಿರುತ್ತದೆ. ಇದರ ಬಾಲದ ಅಂಚು ಕತ್ತರಿಸಿದಂತೆ ನೆಟ್ಟಗಿದ್ದು, ತುದಿಯಲ್ಲಿ ಬಿಳಿಯ ಸಣ್ಣ ಗೆರೆಯೊಂದು ಇರುತ್ತದೆ. ಎರಡನೆಯದು ಮೈಯ ಚುಕ್ಕೆಗಳು. ಹಸುರುಮಿಶ್ರಿತ ಬೂದು, ಕಂದು ಇಲ್ಲವೇ ಕೆಂಗಂದು ಮೈಯ ಮೇಲೆ ತಲೆಯಿಂದ ಬಾಲದವರೆಗೆ, ಹೊಟ್ಟೆಯ ಭಾಗವನ್ನೂ ಬಿಡದೆ, ಕಪ್ಪು ಅಂಚುಳ್ಳ ನೀಲಿ ಚುಕ್ಕೆಗಳು ಒತ್ತಾಗಿ ಹರಡಿರುತ್ತವೆ. ಮೂರನೆಯದು ಬೆನ್ನಿನ ರೆಕ್ಕೆಯ ಮುಳ್ಳುಗಳು. ಈ ಮೀನಿಗೆ ಅವು ಸಾಮಾನ್ಯವಾಗಿ 8. ನಮ್ಮ ಪೇಟೆಗೆ ಹೆಚ್ಚಾಗಿ ಬರುವ ಎಪಿನೆಫೆಲಸ್ ಕುಲದ ಮುರುಗಳಿಗೆ 11. ನಾಲ್ಕನೆಯದು ಕೆನ್ನೆ. ಕಿವಿರಿನ ಮುಚ್ಚಳಕ್ಕೆ ಮುಂಭಾಗದಲ್ಲಿರುವ ಎಲುಬಿನ ಕೆಳಅಂಚನ್ನು ಬೆರಳಿನಿಂದ ಒತ್ತಿ ನೋಡಿದರೆ, ಚರ್ಮದೊಳಗೆ ಅಡಗಿ ಮುಂದಕ್ಕೆ ಬಾಗಿದ ದಪ್ಪ ಮುಳ್ಳುಗಳು ತಗಲುತ್ತವೆ. ಕುಲದ ಹೆಸರು ಬಂದದ್ದೂ ಈ ಮುಳ್ಳುಗಳಿಂದಲೇ. ಸತ್ತು ಮಂಜುಗಡ್ಡೆಯಲ್ಲಿ ಕುಳಿತ ಮೀನಿನ ಬಣ್ಣ ಮಂಕಾಗುತ್ತದೆ. ನೀಲಿ ಚುಕ್ಕೆ ಮಾಸುತ್ತದೆ. ಆದರೆ ಮುಳ್ಳುಗಳ ಲೆಕ್ಕ ತಪ್ಪುವುದಿಲ್ಲ. ಆದುದರಿಂದ ಬಣ್ಣವನ್ನು ನಂಬಿ ಮೋಸ ಹೋಗುವುದಕ್ಕಿಂತ ಮುಳ್ಳು ಎಣಿಸಿ ನಿಶ್ಚಯಿಸುವುದು ಲೇಸು.

ಇದರೊಡನೆ ಉಳಿದವುಗಳನ್ನು ಹೋಲಿಸಿದರೆ ವ್ಯತ್ಯಾಸವು ಇನ್ನಷ್ಟು ಸ್ಪಷ್ಟವಾದೀತು. ನವಿಲು ಮುರು ಎನ್ನಬಹುದಾದ ಸೆಫಲೊಫೊಲಿಸ್ ಆರ್ಗಸ್ ಎಂಬುದು ಹವಳದ ಮೀನೇ. ಅದಕ್ಕೂ ನೀಲಿ ಚುಕ್ಕೆಗಳಿವೆ. ಆದರೆ ಬಾಲ ದುಂಡು. ಬೆನ್ನಿನ ಮುಳ್ಳು 9. ವೇರಿಯೋಲಾ ಲೌಟಿ ಎಂಬ ಇನ್ನೊಂದು ಹವಳದ ಮೀನಿಗೆ ಬಿದಿಗೆ ಚಂದ್ರನಂಥ ಬಾಲವೂ ಹಳದಿ ಅಂಚೂ ಉಂಟು. ಮಂಗಳೂರು, ಮಲ್ಪೆಗಳ ಟ್ರಾಲರ್ ದೋಣಿಗಳ ಬಲೆಗೆ ಸಾಮಾನ್ಯವಾಗಿ ಬೀಳುವ ಎಪಿನೆಫೆಲಸ್ ಡಯಾಕ್ಯಾಂಥಸ್ ಹವಳದ ಮೀನೇ ಅಲ್ಲ. ಅದು ಮರಳು, ಕೆಸರು ತಳದಲ್ಲಿ ಬಾಳುವ ಚಿಕ್ಕ ಮುರು. ಮೈಮೇಲೆ ಮೇಲಿನಿಂದ ಕೆಳಕ್ಕೆ ಇಳಿದ 5 ಕಪ್ಪು ಪಟ್ಟೆಗಳಿಂದ ಅದನ್ನು ತಿಳಿಯಬಹುದು. ಕೊಲ್ಲಿಯ ಹಮೂರ್ ಎನಿಸಿದ ಎಪಿನೆಫೆಲಸ್ ಕೊಯೊಯಿಡಿಸ್ ಎಂಬುದರ ಮೈಮೇಲೆ ಕಿತ್ತಳೆಗಂದು ಚುಕ್ಕೆಗಳಿದ್ದು, ಅಳಿವೆ ಬಾಗಿಲಿನ ಕದಡಿದ ನೀರಿನಲ್ಲಿಯೂ ಅದು ಬೆಳೆಯಬಲ್ಲುದು. ಕೊನೆಗೆ, 2 ಮೀಟರಿಗೂ ಮೀರಿ ಬೆಳೆಯುವ ದೈತ್ಯ ಮುರು, ಎಪಿನೆಫೆಲಸ್ ಲ್ಯಾನ್ಸಿಯೊಲೇಟಸ್. ಇದನ್ನು 2001ರಲ್ಲಿ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ ಸೇರಿಸಲಾಯಿತು. ಎಲ್ಲವನ್ನೂ ‘ಗ್ರೂಪರ್’ ಎಂದು ಬರೆದುಕೊಳ್ಳುವ ಹೋಟೆಲಿನವನು ಹುಲಿಯನ್ನೂ ಬೆಕ್ಕನ್ನೂ ಒಂದೇ ಖಾತೆಯಲ್ಲಿ ಬರೆದಂತಾಯಿತಲ್ಲವೇ?

ಗುರುತಿನ ವಿಚಾರ ಇಷ್ಟಾಯಿತು. ನೆಲೆಯ ವಿಚಾರವು ಅದಕ್ಕಿಂತಲೂ ಮುಖ್ಯ. ಚೌಕಬಾಲದ ಮುರು ಹವಳದ ಏರಿಯ ಒಳಗಿನ ಶಾಂತ ನೀರಿನಲ್ಲಿ, ಹೊರಗಿನ ಇಳಿಜಾರಿನಲ್ಲಿ, ಒಳನೀರಿಗೂ ಕಡಲಿಗೂ ನಡುವಣ ಕಾಲುವೆಗಳಲ್ಲಿ, ಹೆಚ್ಚಾಗಿ 20 ಮೀಟರಿನೊಳಗಿನ ಆಳದಲ್ಲಿ, ಜೀವಂತ ಹವಳವು ಸಮೃದ್ಧವಾಗಿರುವ ಕಡೆ ಇರುತ್ತದೆ. ಇತರ ಮೀನುಗಳೇ ಇದರ ಆಹಾರ. ಹವಳದ ಕವಲು, ಗುಹೆ, ಸಂದುಗಳಲ್ಲಿ ಹೊಂಚುಹಾಕಿ ಕುಳಿತು, ಬೇಟೆ ಹತ್ತಿರ ಬಂದೊಡನೆ ಮೇಲೆರಗುವುದು ಮುರುಗಳ ಸ್ವಭಾವ. ಹವಳದ ಬಂಡೆ ಕುಸಿದು ಚೂರಾದರೆ ಹೊಂಚುಹಾಕಲು ಮರೆಯೇ ಇಲ್ಲದಾಗುತ್ತದೆ. ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಲಕ್ಷದ್ವೀಪದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ತೋರಿಸಿದೆ: ದೀರ್ಘಾಯುಷಿಗಳಾದ ಮುರುಗಳಿಗೆ ವರ್ಷಾನುಗಟ್ಟಲೆ ಕುಸಿಯದೆ ನಿಂತ ಹವಳದ ಬಂಡೆಗಳೇ ಬೇಕು.

ಲಕ್ಷದ್ವೀಪವೆಂದೊಡನೆ ನಮ್ಮವರಿಗೆ ಅದು ದೂರದ ದೇಶವೆನಿಸಬಾರದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಸೇರುವವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು. ಈ ಐದರಲ್ಲಿ ಬಿತ್ರ ದ್ವೀಪವು ತೀರ ಚಿಕ್ಕದು. 2011ರ ಜನಗಣತಿಯಂತೆ ಅಲ್ಲಿದ್ದ ಜನ 271 ಮಾತ್ರ. ಆದರೆ ದ್ವೀಪವನ್ನು ಅಪ್ಪಿಕೊಂಡಿರುವ ಹವಳದ ಏರಿ ಮತ್ತು ಅದರೊಳಗಿನ ನೀರಿನ ಹರವು ನೆಲದ ನೂರಾರು ಪಾಲು ದೊಡ್ಡದು. ಚೌಕಬಾಲದ ಮುರುವಿನ ದೊಡ್ಡ ಜಾತ್ರೆಯೊಂದು ನೆರೆಯುವುದು ಇಲ್ಲಿಯೇ.

ಜಾತ್ರೆ ಎಂದದ್ದು ಅಲಂಕಾರಕ್ಕಲ್ಲ. ವರ್ಷವಿಡೀ ಒಂಟಿಯಾಗಿ ತನ್ನ ಬಂಡೆಯನ್ನು ಕಾಯ್ದುಕೊಂಡಿರುವ ಈ ಮೀನು, ಚಳಿಗಾಲದ ತಿಂಗಳುಗಳಲ್ಲಿ ಅಮಾವಾಸ್ಯೆಯ ಸುಮಾರಿಗೆ, ಮೊಟ್ಟೆಯಿಡುವುದಕ್ಕಾಗಿ ಗೊತ್ತಾದ ಒಂದೇ ಜಾಗಕ್ಕೆ ಹಿಂಡುಹಿಂಡಾಗಿ ಬಂದು ಸೇರುತ್ತದೆ. ಜಾಗವೂ ಬದಲಾಗದು, ತಿಥಿಯೂ ಬದಲಾಗದು. ರುಚಾ ಕರ್ಕರೆ ಮತ್ತು ಅವರ ಸಹೋದ್ಯೋಗಿಗಳು ಬಿತ್ರದ ಈ ಸಮೂಹವನ್ನು ನೀರಿನಲ್ಲಿ ಮುಳುಗಿ ಅಭ್ಯಾಸಮಾಡಿ, 2017ರಲ್ಲಿ ಲೋಕಕ್ಕೆ ತಿಳಿಸಿದರು. ಈ ದಿನಗಳಲ್ಲಿ ಗಂಡು ಮೀನುಗಳು ತಮ್ಮ ಸಹಜವಾದ ಅಂಜಿಕೆಯನ್ನು ಬಿಟ್ಟು, ಅಪಾಯವನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತವೆಂದು ಅದೇ ವಿಜ್ಞಾನಿಗಳ ಮುಂದಿನ ಅಧ್ಯಯನ ಹೇಳಿತು. ಸಂತಾನದ ಗುಂಗಿನಲ್ಲಿ ಪ್ರಾಣದ ಪರಿವೆಯನ್ನು ಮರೆಯುವ ಮೀನಿಗೆ ಗಾಳ ಹಾಕುವುದು ಎಷ್ಟರ ಕೆಲಸ? ಜಾಗ ತಿಳಿದ ಕೆಲವೇ ದೋಣಿಗಳು ಕೆಲವೇ ಅಮಾವಾಸ್ಯೆಗಳಲ್ಲಿ ಸುತ್ತಣ ಹವಳಗಳ ಮುಂದಿನ ಪೀಳಿಗೆಯನ್ನೇ ಬಾಚಿಕೊಂಡು ಹೋಗಬಲ್ಲವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆಯ ನಿಷೇಧವಿದೆಯಷ್ಟೆ. ಅದು ಮಳೆಗಾಲದಲ್ಲಿ ಮರಿಮಾಡುವ ಮೀನುಗಳಿಗೆ ಆಸರೆ. ಚಳಿಗಾಲದಲ್ಲಿ ಜಾತ್ರೆ ಸೇರುವ ಈ ಮೀನಿಗೆ ಅದರಿಂದ ಬಂದ ಲಾಭವೇನು? ಯಾವ ಜಾತಿಯೆಂದು ತಿಳಿಯದೆ ಮಾಡಿದ ಕಾನೂನು ಆ ಜಾತಿಯನ್ನು ಕಾಯಲಾರದು ಎಂಬುದಕ್ಕೆ ಇದು ನಿದರ್ಶನ.

ಇದು ಬರಿಯ ಊಹೆಯಲ್ಲ. ವೆಸ್ಟ್ ಇಂಡೀಸಿನ ಸಮುದ್ರದಲ್ಲಿ ನಾಸೊ ಮುರು ಎಂಬ ಮೀನು ಹೀಗೆಯೇ ಚಳಿಗಾಲದ ಹುಣ್ಣಿಮೆಗಳಲ್ಲಿ ಒಂದೆಡೆ ಸೇರುತ್ತಿತ್ತು. ಅದರ ನೆರೆಯುವ ತಾಣಗಳನ್ನು ಒಂದೊಂದಾಗಿ ಹುಡುಕಿ ಬರಿದುಮಾಡಿದುದರಿಂದ ಅದು ಇಂದು ಅಳಿವಿನ ಅಂಚಿಗೆ ಬಂದ ಜಾತಿಗಳ ಪಟ್ಟಿಯಲ್ಲಿದೆ. ಕೇಮನ್ ದ್ವೀಪಗಳಲ್ಲಿ ಅಂಥ ತಾಣವೊಂದು 2001ರಲ್ಲಿ ಬೆಸ್ತರ ಕಣ್ಣಿಗೆ ಬಿದ್ದಿತು. ಎರಡೇ ಋತುಗಳಲ್ಲಿ ಸುಮಾರು 4,000 ಮೀನುಗಳು ಹೋದವು. 2003ರಲ್ಲಿ ಅಲ್ಲಿಯ ಸರಕಾರ ಆ ತಾಣಗಳಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಉಳಿದಿದ್ದ ಮೀನುಗಳು ಮುಂದಿನ ಒಂದೂವರೆ ದಶಕದಲ್ಲಿ ಮೂರು ಪಟ್ಟಿಗೂ ಮಿಕ್ಕಿ ಹೆಚ್ಚಿದವೆಂದು 2020ರಲ್ಲಿ ವಿಜ್ಞಾನಿಗಳು ವರದಿಮಾಡಿದರು. ಜಾತಿ ಯಾವುದು, ಅದು ಎಲ್ಲಿ, ಯಾವಾಗ ಸೇರುತ್ತದೆ ಎಂದು ಖಚಿತವಾಗಿ ಅರಿತು ಕೈಕಟ್ಟಿ ಕುಳಿತದ್ದಕ್ಕೆ ಸಿಕ್ಕಿದ ಫಲವಿದು.

ಲಕ್ಷದ್ವೀಪದಲ್ಲಿ ಅಪಾಯವು ಎರಡು ಕಡೆಯಿಂದ ಬಂದಿದೆ. ಒಂದು, ಸಮುದ್ರದ ಬಿಸಿ. 1998, 2010, 2016ರಲ್ಲಿ ನೀರು ಕಾದು ಹವಳಗಳು ಬಿಳಿಚಿ ಸತ್ತವು. 2024ರಲ್ಲಿ ಮತ್ತೆ ಬಿಳಿಚಿದವು. 1998ರಲ್ಲಿ ಸಮುದ್ರತಳದ ಶೇಕಡಾ 37ರಷ್ಟನ್ನು ಮುಚ್ಚಿದ್ದ ಜೀವಂತ ಹವಳವು 24 ವರ್ಷಗಳಲ್ಲಿ ಶೇಕಡಾ 20ರ ಆಸುಪಾಸಿಗೆ ಇಳಿದಿದೆ. ಇನ್ನೊಂದು, ನಮ್ಮ ನಾಲಿಗೆ. ದ್ವೀಪದವರ ಮುಖ್ಯ ಕಸಬು ಬಹುಕಾಲದಿಂದ ಕೋಲುಗಾಳದಿಂದ ಒಂದೊಂದಾಗಿ ಎತ್ತುವ ಟ್ಯೂನ ಮೀನು. ಹವಳದ ಮೀನಿನ ಮೇಲೆ ಹೊರೆ ಬೀಳದಿದ್ದುದು ಈ ಕಸಬಿನ ಪುಣ್ಯದಿಂದ. ಈಗ ಹೊರಗಿನ ಪೇಟೆಗಳ ಬೇಡಿಕೆಯಿಂದಾಗಿ ಹವಳದ ಮುರುವಿಗೂ ಬೆಲೆ ಬಂದಿದೆ. ಸಮುದ್ರದ ಬಿಸಿಯನ್ನು ಆರಿಸುವುದು ನಮ್ಮ ಕೈಯಲ್ಲಿಲ್ಲ. ಬೇಡಿಕೆಯ ಮಾತಾದರೋ ಹಾಗಲ್ಲ; ಅದು ಹುಟ್ಟುವುದೇ ನಮ್ಮಂಥವರ ಅಡಿಗೆಮನೆಗಳಲ್ಲಿ.

ಮೀನಿನ ಹಿತ ಹಾಗಿರಲಿ, ಮನುಷ್ಯನ ಹಿತವನ್ನು ನೋಡೋಣ. ಸತ್ತ ಹವಳದ ಮೇಲೂ ಕಡಲ ಪಾಚಿಯ ಮೇಲೂ ಬೆಳೆಯುವ ಕಣ್ಣಿಗೆ ಕಾಣದ ಸಸ್ಯವೊಂದರಲ್ಲಿ ವಿಷವಿರುತ್ತದೆ. ಪಾಚಿ ಮೇಯುವ ಸಣ್ಣ ಮೀನುಗಳಿಂದ ಅದು ಅವನ್ನು ತಿನ್ನುವ ದೊಡ್ಡ ಮೀನುಗಳಿಗೆ ಏರಿ, ಮೀನು ದೊಡ್ಡದಾದಷ್ಟೂ ಅದರಲ್ಲಿ ಕೂಡಿಕೊಳ್ಳುತ್ತದೆ. ಇದಕ್ಕೆ ಸಿಗ್ವಟೆರಾ ಎಂದು ಹೆಸರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೇಯಿಸಿದರೂ ಹೋಗದು, ಮಂಜಿನಲ್ಲಿಟ್ಟರೂ ಹೋಗದು. ವಾಂತಿಭೇದಿಯಾಗುತ್ತದೆ, ತುಟಿ ಜುಮ್ಮೆನ್ನುತ್ತದೆ, ತಣ್ಣೀರು ಮುಟ್ಟಿದರೆ ಸುಟ್ಟಂತಾಗುತ್ತದೆ. ಇದು ದೂರದ ದ್ವೀಪಗಳ ಕಾಯಿಲೆಯೆಂದು ಸುಮ್ಮನಿರುವಂತಿಲ್ಲ. 2016ರ ಅಕ್ಟೋಬರಿನಲ್ಲಿ ನಮ್ಮ ಮಂಗಳೂರಿನಲ್ಲಿಯೇ ಮೀನು ಸಂಸ್ಕರಿಸುವ ಕಾರ್ಖಾನೆಯೊಂದರ ನೂರಕ್ಕೂ ಹೆಚ್ಚು ಕೆಲಸಗಾರರು ಮೀನಿನ ತಲೆಯ ಅಡಿಗೆಯುಂಡು ಇದೇ ವಿಷಕ್ಕೆ ಗುರಿಯಾದರು. ಆ ಮೀನು ಮುರುವಲ್ಲ. ಹವಳದಲ್ಲಿ ಬಾಳುವ ಕೆಂಪು ಸ್ನ್ಯಾಪರ್ ಜಾತಿಯದು. ಆದರೆ ದೊಡ್ಡ ಹವಳದ ಮುರುಗಳಲ್ಲಿಯೂ ಅದೇ ವಿಷ ಸೇರುವುದುಂಟು. ಒಳ್ಳೆಯ ತುಂಡು ಪರದೇಶಕ್ಕೆ, ತಲೆ ದುಡಿಯುವವನಿಗೆ ಎಂಬುದು ಲೋಕದ ರೂಢಿ. ಗಿರಾಕಿಗೆ ತುಂಡು ಬಡಿಸಿ ತಲೆಯ ಸಾರನ್ನು ತಾವುಣ್ಣುವ ನಮ್ಮ ಅಡಿಗೆಮನೆಯ ಹುಡುಗರು ಈ ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. ಮೀನು ಯಾವುದು, ಅದು ಕೆಸರು ತಳದ್ದೋ ಹವಳದ್ದೋ ಎಂದು ತಿಳಿಯುವುದು ಅವರ ಪಾಲಿಗೆ ಸ್ವಂತ ಹೊಟ್ಟೆಯ ಪ್ರಶ್ನೆ.

ಹೆಸರು ಸಡಿಲವಾದಲ್ಲಿ ಮೋಸವೂ ಸುಲಭ. ಅಮೆರಿಕದ ಫ್ಲಾರಿಡಾದಲ್ಲಿ 2006ರಲ್ಲಿ ಅಲ್ಲಿಯ ದೈನಿಕವೊಂದು 11 ಹೋಟೆಲುಗಳಿಂದ ‘ಗ್ರೂಪರ್’ ಎಂದು ಬಡಿಸಿದ ತುಂಡುಗಳನ್ನು ಪ್ರಯೋಗಶಾಲೆಗೆ ಕಳುಹಿಸಿತು. ಅವುಗಳಲ್ಲಿ 6 ಗ್ರೂಪರೇ ಆಗಿರಲಿಲ್ಲ. ಅಗ್ಗದ ಮೀನನ್ನು ದುಬಾರಿ ಹೆಸರಿನಲ್ಲಿ ಮಾರುವ ಬುದ್ಧಿ ಯಾವ ದೇಶಕ್ಕೂ ಹೊಸದಲ್ಲ. ಪತ್ರಿಕೆಯ ಮೇಜಿಗೆ ಬರುವ ಮುನ್ನ ವರುಷಗಟ್ಟಲೆ ಗಲ್ಲೆಯ ಮೇಲೆ ಕುಳಿತವರು ನಾವೂ ಆದುದರಿಂದ, ಪರಊರಿನಲ್ಲಿ ನಮ್ಮವರ ಹೋಟೆಲುಗಳು ನಿಂತಿರುವುದು ಹೆಚ್ಚು ಬಂಡವಾಳದಿಂದಲ್ಲ, ‘ಇವರು ಹೇಳಿದ್ದನ್ನೇ ಬಡಿಸುತ್ತಾರೆ’ ಎಂಬ ನಂಬಿಕೆಯಿಂದ ಎಂದು ಧೈರ್ಯವಾಗಿ ಹೇಳಬಲ್ಲೆವು.

‘ಗಿರಾಕಿ ಕೇಳುವುದಿಲ್ಲ, ನಾವೇಕೆ ಹೇಳಬೇಕು?’ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಎಣ್ಣೆ ಯಾವುದೆಂದೂ ಹಿಂದೆ ಯಾವ ಗಿರಾಕಿಯೂ ಕೇಳುತ್ತಿರಲಿಲ್ಲ, ಇಂದು ಕೇಳುತ್ತಾನೆ. ಕೇಳುವ ಮುನ್ನವೇ ಹೇಳಿದವನಿಗೆ ಹೆಸರು ಬರುತ್ತದೆ. ‘ದ್ವೀಪದ ಬಡ ಬೆಸ್ತನ ಹೊಟ್ಟೆಯ ಮೇಲೆ ಹೊಡೆಯುವಿರಾ?’ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಮನೆಯೂಟಕ್ಕಾಗಿ ಅವನು ಹವಳದಿಂದ ಒಂದೆರಡು ಮೀನು ತರುವುದನ್ನು ಆಕ್ಷೇಪಿಸುವ ಅಧಿಕಾರ ಮುಂಬಯಿಯಲ್ಲಿ ಕುಳಿತ ನಮಗಿಲ್ಲ. ಆದರೆ ನಮ್ಮ ಬೇಡಿಕೆಗಾಗಿ ನೆರೆಯುವ ತಾಣವೇ ಬರಿದಾದರೆ ಮೊದಲು ಹಸಿಯುವವನು ಅವನೇ. ಹವಳದ ಏರಿಯಲ್ಲಿ ಜೀವವಿದ್ದರೆ ಮಾತ್ರ ಅವನ ಟ್ಯೂನ ಗಾಳಕ್ಕೆ ಬೇಕಾದ ಸಣ್ಣ ಎರೆಮೀನು ಸಿಗುತ್ತದೆ. ಅವನ ಟ್ಯೂನವನ್ನು ಒಳ್ಳೆಯ ಬೆಲೆಗೆ ಕೊಳ್ಳುವುದು ಅವನಿಗೂ ಸಹಾಯ, ಮುರುವಿಗೂ ರಕ್ಷೆ.

ಆದಕಾರಣ ನಮ್ಮ ಸೂಚನೆ ಇಷ್ಟು. ಮೀನು ತರುವವರು ಮುಳ್ಳು ಎಣಿಸಿ, ಬಾಲ ನೋಡಿ, ಯಾವ ನೀರಿನದೆಂದು ಮಾರುವವಳನ್ನು ಕೇಳಿ ತರಲಿ. ಲೆಕ್ಕ ಬರೆಯುವ ಗುಮಾಸ್ತರು ‘ಮುರು’ ಎಂದಷ್ಟೇ ಬರೆಯದೆ ‘ಪಟ್ಟೆ ಮುರು’, ‘ಚುಕ್ಕೆ ಮುರು’, ‘ಹವಳದ ಮುರು’ ಎಂದು ಬೇರೆಬೇರೆಯಾಗಿ ಬರೆಯಲಿ. ವರ್ಷದ ಕೊನೆಗೆ ಆ ಪುಸ್ತಕವೇ ಒಂದು ಸಾಕ್ಷ್ಯವಾದೀತು. ಚಳಿಗಾಲದಲ್ಲಿ ಹವಳದ ಮುರುವನ್ನು ಪಟ್ಟಿಯಿಂದ ತೆಗೆದುಹಾಕಲಿ. ಬಹಳ ದೊಡ್ಡ ಹವಳದ ಮೀನನ್ನು ಯಾವ ಕಾಲದಲ್ಲಿಯೂ ಕೊಳ್ಳದಿರಲಿ. ಅದರ ತಲೆಯನ್ನು ಸಾರಿಗೆ ಹಾಕದಿರಲಿ. ಧಣಿಗಳು ಇದಕ್ಕೆ ಅಡ್ಡಿಮಾಡದೆ, ಹುಡುಗರು ತಿಳಿದು ಹೇಳಿದ ಮಾತಿಗೆ ಬೆಲೆ ಕೊಡಲಿ. ಇವುಗಳಲ್ಲಿ ಯಾವುದಕ್ಕೂ ಕಾಲೇಜಿನ ಪದವಿ ಬೇಕಾಗಿಲ್ಲ. ಎಂಟರವರೆಗೆ, ಹನ್ನೊಂದರವರೆಗೆ ಎಣಿಸಲು ಬಂದರೆ ಸಾಕು.

ಬಂಗುಡೆಯನ್ನೂ ಬೂತಾಯಿಯನ್ನೂ ಕತ್ತಲಲ್ಲಿ ಮುಟ್ಟಿ ಹೇಳಬಲ್ಲ ಜನ ನಾವು. ಮುರುವಿನ ವಿಷಯದಲ್ಲಿಯೂ ಆ ಜಾಣತನ ನಮಗೆ ಬರಲಾರದೆಂದು ನಂಬಲು ಕಾರಣವಿಲ್ಲ. ಹೆಸರು ಹಿಡಿದು ಕರೆಯದ ಮೀನು ಕಡಲಿನಲ್ಲಿ ಇಲ್ಲವಾದ ದಿನವೂ ಯಾರಿಗೂ ತಿಳಿಯುವುದಿಲ್ಲ. ಪಟ್ಟಿಯಲ್ಲಿ ‘ಗ್ರೂಪರ್’ ಎಂಬ ಅಕ್ಷರಗಳು ಹಾಗೆಯೇ ಇರುತ್ತವೆ, ಎಲೆಗೆ ಬೇರೊಂದು ಮೀನು ಬೀಳುತ್ತದೆ. ಅಂಥ ದಿನ ನಮ್ಮ ಅಡಿಗೆಮನೆಗಳ ಅಜ್ಞಾನದಿಂದ ಬರದಿರಲೆಂದು ಹಾರೈಸುತ್ತೇವೆ.